ಬಿಸಿಲ ನಾಡಿಗೂ ಆರು ತಂತಿ ಬೇಕು

2023ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಯಾದಗಿರಿ ಜಿಲ್ಲೆ ರಾಜ್ಯದ ಕೊನೆಯ ಸ್ಥಾನದಲ್ಲಿತ್ತು. 2024ರಲ್ಲಿಯೂ ಅದೇ ಸ್ಥಾನ. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಸಾಕ್ಷರತೆ ಶೇ 52ರ ಆಸುಪಾಸಿನಲ್ಲಿತ್ತು. ಅದೂ ರಾಜ್ಯದಲ್ಲೇ ಅತಿ ಕಡಿಮೆ. ಇಂಥ ಜಿಲ್ಲೆಯ ಶಹಾಪುರ ತಾಲ್ಲೂಕಿನ ವನದುರ್ಗದಂಥ ಊರಿನ ಮಕ್ಕಳಿಗೂ ಶಾಸ್ತ್ರೀಯ ಗಿಟಾರ್ ಕಲಿಯುವ ಅವಕಾಶ ಇರಬೇಕು ಎಂದು ಯಾರಾದರೂ ಹೇಳಿದರೆ ಕೇಳಿದವರು ನಗುವುದು ಸಹಜ. ಕನ್ನಡ ಓದಲು ಬಾರದ ಮಕ್ಕಳಿರುವಲ್ಲಿ ಪಾಶ್ಚಾತ್ಯ ಸ್ವರಲಿಪಿ ಯಾರಿಗೆ ಬೇಕಾಗಿದೆ? ಶಾಲೆಗೆ ಗಣಿತದ ಮೇಷ್ಟರಿಲ್ಲದಿರುವಾಗ ಸಂಗೀತದ ಮೇಷ್ಟರನ್ನು ಕೇಳುವುದು ಎಲ್ಲಿಯ ನ್ಯಾಯ?

ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದರ ಒಳಗೆ ಅಡಗಿರುವ ಒಂದು ಗೃಹೀತವನ್ನು ನಾವು ಗಮನಿಸುವುದಿಲ್ಲ. ಹಿಂದುಳಿದ ಪ್ರದೇಶದ ಮಗುವಿಗೆ ಮೊದಲು ಅನ್ನ, ಅಕ್ಷರ, ಉದ್ಯೋಗ ದೊರೆಯಬೇಕು; ಸೌಂದರ್ಯವೆಂಬುದು ಕೊನೆಯಲ್ಲಿ, ಉಳಿದ ಹಣದಲ್ಲಿ ಬರತಕ್ಕದ್ದು ಎಂಬುದೇ ಆ ಗೃಹೀತ. ಬೆಂಗಳೂರಿನ ಜಯನಗರದಲ್ಲೋ ಇಂದಿರಾನಗರದಲ್ಲೋ ಎಂಟು ವರ್ಷದ ಮಗು ಸಂಜೆ ಗಿಟಾರ್ ತರಗತಿಗೆ ಹೋಗುವುದನ್ನು ನಾವು ಸರ್ವಾಂಗೀಣ ಶಿಕ್ಷಣವೆಂದು ಕರೆಯುತ್ತೇವೆ. ಅದೇ ನಗರದ ಬಹುಮಹಡಿ ಕಟ್ಟಡಗಳ ಗಾರೆ ಕೆಲಸಕ್ಕೆ ಯಾದಗಿರಿ, ಶಹಾಪುರ, ಸುರಪುರದಿಂದ ಗುಳೆ ಹೋದವರ ಮಗು ಗಿಟಾರ್ ಕೇಳಿದರೆ ಅದು ಐಷಾರಾಮ ಎನ್ನಿಸುತ್ತದೆ. ಮಗುವಿನ ಕಿವಿ ಎರಡೂ ಕಡೆ ಒಂದೇ. ನಮ್ಮ ನಿರೀಕ್ಷೆಗಳು ಮಾತ್ರ ಬೇರೆ.

ಈ ಲೇಖನದಲ್ಲಿ ಗಿಟಾರ್ ಒಂದು ನಿಮಿತ್ತವೂ ಹೌದು, ವಿಷಯವೂ ಹೌದು. ಅದನ್ನು ನುಡಿಸುತ್ತ ಬಹಳ ವರ್ಷ ಕಳೆದವನಾದ್ದರಿಂದ ಆ ವಾದ್ಯದ ಮೂಲಕವೇ ಮಾತನಾಡುವುದು ನನಗೆ ಸುಲಭ. ಆದರೆ ಇಲ್ಲಿ ಹೇಳುವುದು ಸಿತಾರಿಗೂ ಸಲ್ಲುತ್ತದೆ, ತಬಲಾಕ್ಕೂ ಸಲ್ಲುತ್ತದೆ, ಏಕತಾರಿಗೂ ಸಲ್ಲುತ್ತದೆ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆ ದೂರವಾಗಬೇಕು. ಗಿಟಾರ್ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಸಿನಿಮಾ ನಾಯಕನ ಹೆಗಲ ಮೇಲಿನ ವಾದ್ಯ, ಕಾಲೇಜು ವಾರ್ಷಿಕೋತ್ಸವದ ಗದ್ದಲ. ಶಾಸ್ತ್ರೀಯ ಗಿಟಾರಿನ ಲೋಕ ಬೇರೆ. ಅದರಲ್ಲಿ ಉಕ್ಕಿನ ತಂತಿಗಳಿಲ್ಲ, ವಿದ್ಯುತ್ತಿನ ನೆರವಿಲ್ಲ, ತಂತಿ ಮೀಟುವ ಪ್ಲಾಸ್ಟಿಕ್ ತುಣುಕೂ ಇಲ್ಲ. ಮೂರು ನೈಲಾನ್ ತಂತಿಗಳು, ಲೋಹದ ಎಳೆ ಸುತ್ತಿದ ಮೂರು ಮಂದ್ರ ತಂತಿಗಳು, ಬಲಗೈಯ ನಾಲ್ಕು ಬೆರಳುಗಳು ಇಷ್ಟೇ ಬಂಡವಾಳ. ಹಾಡಿಗೆ ಪಕ್ಕವಾದ್ಯವಾಗಿ ನಿಲ್ಲುವುದು ಅದರ ಮುಖ್ಯ ಕೆಲಸವಲ್ಲ. ಹೆಬ್ಬೆರಳು ಮಂದ್ರದ ನಡೆಯನ್ನು ಹಿಡಿದರೆ ಉಳಿದ ಬೆರಳುಗಳು ರಾಗದ ಎಳೆಯನ್ನೂ ನಡುವಣ ಸ್ವರಗಳನ್ನೂ ಏಕಕಾಲಕ್ಕೆ ನುಡಿಸುತ್ತವೆ. ಒಬ್ಬನೇ ಕುಳಿತು ಮೂವರ ಸಂವಾದ ನಡೆಸಿದಂತೆ.

ಈ ವಾದ್ಯದ ಇಂದಿನ ರೂಪಕ್ಕೆ ಇನ್ನೂರು ವರ್ಷವೂ ತುಂಬಿಲ್ಲ. ಸ್ಪೇನಿನ ಅಲ್ಮೆರಿಯಾದ ಬಡಗಿ ಆಂಟೋನಿಯೊ ದೆ ಟೊರೆಸ್ (1817–1892) ಅದರ ಒಡಲನ್ನು ದೊಡ್ಡದು ಮಾಡಿದ, ಮೇಲ್ಹಲಗೆಯನ್ನು ತೆಳುವಾಗಿಸಿದ, ಒಳಗೆ ಬೀಸಣಿಗೆಯಾಕಾರದ ಪಟ್ಟಿಗಳನ್ನು ಜೋಡಿಸಿದ. ನಾದ ಹುಟ್ಟುವುದು ಮೇಲ್ಹಲಗೆಯಿಂದ ಎಂಬುದನ್ನು ತೋರಿಸಲು 1862ರಲ್ಲಿ ಬೆನ್ನು ಮತ್ತು ಪಕ್ಕಗಳನ್ನು ಕಾಗದದ ರಟ್ಟಿನಿಂದಲೇ ಮಾಡಿ ಒಂದು ಗಿಟಾರ್ ಕಟ್ಟಿದ. ಅವನ ವಾದ್ಯವನ್ನು ನುಡಿಸಿದ ಫ್ರಾನ್ಸಿಸ್ಕೊ ತಾರೆಗಾ (1852–1909) ಅದಕ್ಕೊಂದು ವಾದನಶೈಲಿ ಕೊಟ್ಟ. ಬಹುಮಟ್ಟಿಗೆ ತಾನೇ ಕಲಿತ ಆಂದ್ರೆಸ್ ಸೆಗೋವಿಯಾ (1893–1987) ಹೋಟೆಲು, ಹೆಂಡದಂಗಡಿಗಳ ವಾದ್ಯವೆಂದು ಹಗುರಾಗಿ ಕಾಣಲಾಗುತ್ತಿದ್ದ ಗಿಟಾರನ್ನು ಜಗತ್ತಿನ ದೊಡ್ಡ ಸಭಾಂಗಣಗಳಿಗೆ ಕೊಂಡೊಯ್ದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕರುಳಿನ ತಂತಿ ಸಿಗದಾದಾಗ ನ್ಯೂಯಾರ್ಕಿನ ಆಲ್ಬರ್ಟ್ ಆಗಸ್ಟಿನ್ ನೈಲಾನ್ ತಂತಿ ರೂಪಿಸಿದ್ದರ ಹಿಂದೆ ಸೆಗೋವಿಯಾನ ಒತ್ತಾಸೆಯೂ ಇತ್ತು. ಇಷ್ಟನ್ನೂ ಹೇಳುವ ಕಾರಣವೆಂದರೆ, 'ಶಾಸ್ತ್ರೀಯ' ಎಂಬ ಪಟ್ಟ ಯಾವ ವಾದ್ಯಕ್ಕೂ ಹುಟ್ಟಿನಿಂದ ಬರುವುದಿಲ್ಲ. ಯಾರೋ ಕೆಲವರು ಜೀವಮಾನವಿಡೀ ಕುಳಿತು ಅಭ್ಯಾಸ ಮಾಡಿದ್ದರಿಂದ ಅದು ಬರುತ್ತದೆ.

ಇದು ಪರಕೀಯ ವಾದ್ಯವಲ್ಲವೇ ಎಂಬ ಆಕ್ಷೇಪ ಮುಂದಿನದು. ಇದಕ್ಕೆ ಮರವೇ ಒಂದು ಉತ್ತರ ಕೊಡುತ್ತದೆ. ಉತ್ತಮ ಗಿಟಾರಿನ ಬೆನ್ನು ಮತ್ತು ಪಕ್ಕಗಳಿಗೆ ಹಿಂದೆ ಬ್ರೆಜಿಲಿನ ರೋಸ್‌ವುಡ್ ಬಳಸುತ್ತಿದ್ದರು. 1960ರ ದಶಕದ ಕೊನೆಯಲ್ಲಿ ಆ ಮರ ದುರ್ಲಭವಾದಾಗ ಜಗತ್ತಿನ ಗಿಟಾರ್ ತಯಾರಕರು ಮೊರೆಹೋದದ್ದು ಭಾರತದ ರೋಸ್‌ವುಡ್‌ಗೆ, ಎಂದರೆ ನಮ್ಮ ಪಶ್ಚಿಮಘಟ್ಟದ ಬೀಟೆ ಮರಕ್ಕೆ. ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡದ ಕಾಡುಗಳಲ್ಲಿ ಬೆಳೆಯುವ ಮರವಿದು. ಮೈಸೂರಿನ ಕುಶಲಕರ್ಮಿಗಳು ದಂತದ ಕೆತ್ತನೆ ಕೂರಿಸುತ್ತಿದ್ದುದೂ ಇದೇ ಮರದಲ್ಲಿ. 2017ರ ಜನವರಿಯಿಂದ ಈ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದದಡಿ ಪರವಾನಗಿ ಕಡ್ಡಾಯವಾದಾಗ ಜಗತ್ತಿನ ಗಿಟಾರ್ ಉದ್ಯಮವೇ ತಬ್ಬಿಬ್ಬಾಯಿತು. 2019ರಲ್ಲಿ ಸಿದ್ಧಗೊಂಡ ಸಂಗೀತ ವಾದ್ಯಗಳಿಗೆ ವಿನಾಯಿತಿ ದೊರೆತ ಮೇಲಷ್ಟೇ ಅದು ಉಸಿರುಬಿಟ್ಟಿತು. ಮಾಡ್ರಿಡ್ಡಿನಲ್ಲೋ ಲಂಡನ್ನಿನಲ್ಲೋ ಲಕ್ಷಗಟ್ಟಲೆ ರೂಪಾಯಿಗೆ ಮಾರಾಟವಾಗುವ ಗಿಟಾರಿನ ಒಡಲು ನಮ್ಮ ಕಾಡಿನದಾಗಬಹುದು, ಅದರ ನಾದ ಮಾತ್ರ ನಮ್ಮ ಮಕ್ಕಳಿಗೆ ಪರಕೀಯ ಎನ್ನುವುದು ವಿಚಿತ್ರ ವಾದ.

ಇನ್ನು ನಮ್ಮ ಸಂಗೀತದ ಚರಿತ್ರೆಯನ್ನೇ ನೋಡೋಣ. ಪಿಟೀಲು ಯುರೋಪಿನಿಂದ ಬಂದದ್ದು ಎಂದು ಇಂದು ಯಾರೂ ನೆನಪಿಸಿಕೊಳ್ಳುವುದಿಲ್ಲ. ಮೈಸೂರಿನ ಟಿ. ಚೌಡಯ್ಯನವರು ಅದಕ್ಕೆ ಏಳು ತಂತಿ ಬಿಗಿದು ತಮ್ಮದಾಗಿಸಿಕೊಂಡರು. ಅವರ ನೆನಪಿಗೆ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಂಗಣವೇ ಎದ್ದುನಿಂತಿದೆ. ಕದ್ರಿ ಗೋಪಾಲನಾಥರು (1949–2019) ಸ್ಯಾಕ್ಸೊಫೋನಿನಲ್ಲಿ ಗಮಕ ನುಡಿಸಿದರು. 1940ರಿಂದ ಸುಮಾರು ಮೂರು ದಶಕ ಆಕಾಶವಾಣಿ ಹಾರ್ಮೋನಿಯಮ್ಮನ್ನು ಹೊರಗಿಟ್ಟಿತ್ತು. ಇಂದು ಹಾರ್ಮೋನಿಯಂ ಇಲ್ಲದ ಭಜನೆಯನ್ನು ಕಲಬುರಗಿ ಸೀಮೆಯ ಯಾವ ಹಳ್ಳಿಯೂ ಕಲ್ಪಿಸಿಕೊಳ್ಳಲಾರದು.

ಗಿಟಾರೂ ನಮಗೆ ಅಷ್ಟೇನೂ ದೂರದ್ದಲ್ಲ. ಇಳಯರಾಜಾ ಅವರು ಪಾಶ್ಚಾತ್ಯ ಶಾಸ್ತ್ರೀಯ ಗಿಟಾರನ್ನು ಕ್ರಮವಾಗಿ ಕಲಿತವರು. ತಾವೇ ಸಂಗೀತ ನಿರ್ದೇಶಕರಾಗುವ ಮುನ್ನ ಅವರು ಕನ್ನಡದ ಹೆಸರಾಂತ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರ ಬಳಿ ಗಿಟಾರ್ ವಾದಕರಾಗಿ, ಸಹಾಯಕರಾಗಿ ದುಡಿದರು. 1970ರ 'ಸಂಸ್ಕಾರ' ಚಿತ್ರದ ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ಮತ್ತು ಸ್ನೇಹಲತಾ ರೆಡ್ಡಿ ಅವರ ಪುತ್ರ ಕೊನಾರಕ್ ರೆಡ್ಡಿ ಬೆಂಗಳೂರಿನ ಹೆಸರಾಂತ ಗಿಟಾರ್ ವಾದಕರು. 1987ರಲ್ಲಿ ಅರುಣಾ ಸುಂದರ್‌ಲಾಲ್ ಅವರು ಕಟ್ಟಿದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕೆ ನಗರದಲ್ಲೊಂದು ನೆಲೆ ಒದಗಿಸಿತು. ಇವೆಲ್ಲವೂ ಕನ್ನಡನಾಡಿನ ಚರಿತ್ರೆಯೇ. ಆದರೆ ಆ ಚರಿತ್ರೆ ತುಂಗಭದ್ರೆ, ಕೃಷ್ಣೆಯರನ್ನು ದಾಟಿ ನಮ್ಮ ಕಡೆಗೆ ಬರಲಿಲ್ಲ.

ಬಾರದಿರಲು ನೆಲ ಬಂಜರಾಗಿತ್ತು ಎನ್ನುವಂತಿಲ್ಲ. ತಂತಿವಾದ್ಯದೊಂದಿಗೆ ಬದುಕುವುದು ಈ ಸೀಮೆಗೆ ಹಳೆಯ ಸಂಗತಿ. ಹನ್ನೆರಡನೆಯ ಶತಮಾನದ ಶರಣ ಬೊಮ್ಮಯ್ಯನಿಗೆ ಕಿನ್ನರಿಯೇ ಹೆಸರಾಗಿ ಅಂಟಿಕೊಂಡಿತು. ಬಸವಣ್ಣನವರ ಪ್ರಸಿದ್ಧ ವಚನವೊಂದು ಭಕ್ತನ ದೇಹವನ್ನೇ ತಂತಿವಾದ್ಯವಾಗಿ ಕಲ್ಪಿಸಿಕೊಂಡಿತು. 1580ರಿಂದ 1627ರವರೆಗೆ ವಿಜಾಪುರವನ್ನಾಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟಿದ್ದ. ತಾನು ರಚಿಸಿದ 'ಕಿತಾಬ್-ಎ-ನವರಸ್'ನಲ್ಲಿ ಅದನ್ನು ಆಪ್ತನಂತೆ ನೆನೆದಿದ್ದಾನೆ. ತಿಂಥಣಿಯ ಮೌನೇಶ್ವರನ ಜಾತ್ರೆಯಲ್ಲಿ, ಕಡಕೋಳ ಮಡಿವಾಳಪ್ಪನ ಪರಂಪರೆಯಲ್ಲಿ ಏಕತಾರಿ ಹಿಡಿದು ತತ್ವಪದ ಹಾಡುವವರು ಇಂದಿಗೂ ಇದ್ದಾರೆ. ಎಲ್ಲಮ್ಮನ ಜೋಗತಿಯರ ಕೈಯಲ್ಲಿ ಚೌಡಿಕೆಯಿದೆ. ಸುರಪುರದ ನಾಯಕರ ಆಶ್ರಯದಲ್ಲಿ ಚಿತ್ರಕಲೆಯದೇ ಒಂದು ಶೈಲಿ ಬೆಳೆಯಿತು. ವನದುರ್ಗದ ಕೋಟೆಯೂ ಆ ನಾಯಕರ ಕಾಲದ್ದೇ. ಕಲೆಗೆ ಕೈ, ಕಿವಿ, ಕಣ್ಣು ಒಗ್ಗಿಸಿಕೊಂಡ ನಾಡು ಇದು. 'ಹಿಂದುಳಿದ' ಎಂಬ ಪದ ನಮಗೆ ಅಂಟಿದ್ದು ಬಹಳ ಈಚೆಗೆ.

ಇಷ್ಟಾದರೂ ಒಂದು ಮಾತನ್ನು ಮರೆಮಾಚಬಾರದು. ಈ ಪರಂಪರೆಯಲ್ಲಿ ಯಾರು ಯಾವ ವಾದ್ಯ ಹಿಡಿಯಬೇಕೆಂಬುದನ್ನು ಬಹುಪಾಲು ಹುಟ್ಟು ನಿರ್ಧರಿಸುತ್ತಿತ್ತು. ಹಲಗೆ ಒಬ್ಬರದು, ಶಹನಾಯಿ ಇನ್ನೊಬ್ಬರದು, ಚೌಡಿಕೆ ಮತ್ತೊಬ್ಬರದು. ಚೌಡಿಕೆ ಹಿಡಿದ ಹೆಣ್ಣುಮಗಳಿಗೆ ಆ ವಾದ್ಯ ಆಯ್ಕೆಯಾಗಿರಲಿಲ್ಲ. ಇಲ್ಲಿ ಗಿಟಾರಿನಂಥ ಹೊಸ ವಾದ್ಯಕ್ಕೆ ಒಂದು ಅನುಕೂಲವಿದೆ: ನಮ್ಮ ಊರುಗಳಲ್ಲಿ ಅದಕ್ಕೆ ಜಾತಿಯಿಲ್ಲ. ಅದನ್ನು ಹಿಡಿದವರನ್ನು ಕಂಡು ಯಾರ ಮಗ, ಯಾವ ಓಣಿ ಎಂದು ಊಹಿಸಲಾಗದು. ಮಗು ತಾನೇ ಆರಿಸಿಕೊಂಡದ್ದು ಎಂಬುದಷ್ಟೇ ಅದರ ಗುರುತು. ಸಾರ್ವಜನಿಕ ಸಂಗೀತ ಶಿಕ್ಷಣ ಬೇಕೆನ್ನುವುದಕ್ಕೆ ನನ್ನ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ಕಾರಣ ಬೇರೆಯಿಲ್ಲ. ಮಗುವಿಗೆ ಹಲಗೆ ಬೇಕಾದರೆ ಹಲಗೆ, ಸಿತಾರ್ ಬೇಕಾದರೆ ಸಿತಾರ್, ಆಯ್ಕೆ ಅದರದಾಗಿರಬೇಕು.

ಈ ವಾದ್ಯವನ್ನು ಕಲಿಯುವುದೆಂದರೆ ಏನು? ಎಡಗಾಲನ್ನು ಗೇಣೆತ್ತರದ ಮಣೆಯ ಮೇಲಿಟ್ಟು, ಎಡತೊಡೆಯ ಮೇಲೆ ವಾದ್ಯವನ್ನು ಕೂರಿಸಿ, ಭುಜ ಸಡಿಲಿಸಿ ಕೂರುವುದನ್ನು ಕಲಿಯಲೇ ಕೆಲವು ವಾರ ಬೇಕು. ಬಲಗೈಯ ಉಗುರುಗಳನ್ನು ಅಳತೆಯರಿತು ಬೆಳೆಸಿ, ನಯವಾದ ಮರಳುಕಾಗದದಿಂದ ಉಜ್ಜಿ ಅಂಚು ತಿದ್ದಬೇಕು. ಎಡಗೈಯ ಉಗುರುಗಳನ್ನು ಪೂರ್ತಿ ಕತ್ತರಿಸಬೇಕು. ಹತ್ತಿ ಬಿಡಿಸುವ, ಕಳೆ ಕೀಳುವ ಕೈಗಳಿಗೆ ಈ ಉಗುರಿನ ಆರೈಕೆಯೇ ಒಂದು ಸಮಸ್ಯೆ. ಉಗುರಿಲ್ಲದೆ ಬೆರಳ ತುದಿಯಿಂದಲೇ ನುಡಿಸಿದ ದೊಡ್ಡ ವಾದಕರೂ ಇದ್ದರು ಎಂಬುದು ಅಂಥವರಿಗೆ ಸಮಾಧಾನ ತರಬಹುದು. ಆರು ತಂತಿಗಳಲ್ಲಿ ಅಕ್ಕಪಕ್ಕದ ತಂತಿಗಳ ನಡುವಿನ ಅಂತರ ನಮ್ಮ ಷಡ್ಜ–ಮಧ್ಯಮದಷ್ಟು. ಒಂದು ಕಡೆ ಮಾತ್ರ ಷಡ್ಜ–ಗಾಂಧಾರದಷ್ಟು. ಸಂಗೀತ ಬಲ್ಲ ಮಗು ಇದನ್ನು ಒಂದೇ ದಿನದಲ್ಲಿ ಕಿವಿಯಿಂದ ಹಿಡಿಯುತ್ತದೆ. ಬೆರಳು ಹಿಡಿಯಲು ವರ್ಷಗಳು ಬೇಕು.

ಇಟಲಿಯ ಮೌರೊ ಜೂಲಿಯಾನಿ ಬಲಗೈಗೆಂದೇ 120 ಪಾಠಗಳನ್ನು ಬರೆದಿಟ್ಟಿದ್ದಾನೆ. ಎಡಗೈ ಎರಡೇ ಸ್ವರಗುಚ್ಛಗಳ ನಡುವೆ ಓಡಾಡುತ್ತಿದ್ದರೆ ಬಲಗೈ ಮಾತ್ರ 120 ಬಗೆಯಲ್ಲಿ ಹೆಣೆಯಬೇಕು. ನಮ್ಮ ಸರಳೆ, ಜಂಟಿವರಸೆ, ಪಲ್ಟಾಗಳಿಗೂ ಇದಕ್ಕೂ ವ್ಯತ್ಯಾಸವಿಲ್ಲ. ಒಂದೇ ತಂತಿಯನ್ನು ಉಂಗುರಬೆರಳು, ನಡುಬೆರಳು, ತೋರುಬೆರಳು ಒಂದಾದ ಮೇಲೊಂದು ಮೀಟಿ ಎಡೆಬಿಡದ ನಾದಧಾರೆಯ ಭ್ರಮೆ ಹುಟ್ಟಿಸುವ ಟ್ರೆಮೊಲೊ ಎಂಬ ವಿಧಾನವಿದೆ. ಗ್ರನಾಡಾದ ಅಲ್ಹಂಬ್ರಾ ಅರಮನೆಯ ನೆನಪಿಗೆ ತಾರೆಗಾ ರಚಿಸಿದ ಕೃತಿ ಪೂರ್ತಿಯಾಗಿ ಇದರ ಮೇಲೆ ನಿಂತಿದೆ. ಕೇಳಲು ಅದು ನೀರು ಹರಿದಂತೆ. ನುಡಿಸಲು ತಿಂಗಳುಗಟ್ಟಲೆ, ನಿಮಿಷಕ್ಕೆ ಅರವತ್ತು ಬಡಿತದ ವೇಗದಲ್ಲಿ, ಪ್ರತಿ ಬೆರಳಿನ ಸದ್ದು ಇನ್ನೊಂದಕ್ಕೆ ಸಮವಾಗಿದೆಯೇ ಎಂದು ಕಿವಿಗೊಟ್ಟು ಕೂರಬೇಕು. ಅವಸರಿಸಿದರೆ ಕೈ ಬಿಗಿಯುತ್ತದೆ. ಬಿಗಿದ ಕೈಯಿಂದ ಒತ್ತಾಯದಿಂದ ನುಡಿಸಿದರೆ ನರ, ಸ್ನಾಯುಗಳಿಗೆ ಗಾಸಿಯಾಗುತ್ತದೆ. ಈ ವಿದ್ಯೆಯಲ್ಲಿ ನಿಧಾನಕ್ಕೆ ಪರ್ಯಾಯವಿಲ್ಲ.

ನಮ್ಮ ಶಿಕ್ಷಣಕ್ಕೆ ಇಂದು ಅಪರಿಚಿತವಾಗಿರುವುದು ಈ ನಿಧಾನವೇ. ಫಲಿತಾಂಶ ಕುಸಿದೊಡನೆ ನಾವು ವಿಶೇಷ ತರಗತಿ, ಸರಣಿ ಪರೀಕ್ಷೆ, ಪಾಸಿಂಗ್ ಪ್ಯಾಕೇಜ್‌ಗಳ ಮೊರೆ ಹೋಗುತ್ತೇವೆ. ಇಪ್ಪತ್ತು ಪ್ರಶ್ನೆ ಕಂಠಪಾಠ ಮಾಡಿದರೆ ದಾಟಿಕೊಳ್ಳಬಹುದು ಎಂಬ ಭರವಸೆ ಕೊಡುತ್ತೇವೆ. ವಾದ್ಯದಲ್ಲಿ ಪಾಸಿಂಗ್ ಪ್ಯಾಕೇಜ್ ಇಲ್ಲ. ನಿನ್ನೆ ತಪ್ಪಿದ ಸ್ವರ ಇಂದೂ ತಪ್ಪಿದರೆ ಅದು ಮೊದಲು ನುಡಿಸಿದವನ ಕಿವಿಗೇ ಬೀಳುತ್ತದೆ. ಬೇರೆ ಯಾರೂ ಅಂಕ ಕಳೆಯಬೇಕಾಗಿಲ್ಲ. ತನ್ನ ಕೆಲಸವನ್ನು ತಾನೇ ಕೇಳಿ, ತಾನೇ ತಿದ್ದಿಕೊಂಡು, ನಾಳೆ ಮತ್ತೆ ಕೂರುವ ಈ ಅಭ್ಯಾಸವನ್ನು ನಮ್ಮ ಶಾಲೆಗಳಲ್ಲಿ ಬೇರೆ ಯಾವ ವಿಷಯ ಇಷ್ಟು ನೇರವಾಗಿ ಕಲಿಸುತ್ತದೆ?

ಹಾಗೆಂದು ಸಂಗೀತ ಕಲಿತರೆ ಗಣಿತದಲ್ಲಿ ಅಂಕ ಹೆಚ್ಚುತ್ತದೆ ಎಂಬ ವಾದವನ್ನು ನಾನು ಮಂಡಿಸಲಾರೆ. ಆ ವಾದ ಜನಪ್ರಿಯವಾಗಿದೆ. ತಂದೆತಾಯಿಯರನ್ನು ಒಪ್ಪಿಸಲು ಸುಲಭವಾಗಿಯೂ ಇದೆ. ಆದರೆ ಅದು ಸಂಗೀತವನ್ನು ಮತ್ತೆ ಅಂಕಪಟ್ಟಿಯ ಆಳಾಗಿಸುತ್ತದೆ. ನಾಳೆ ಅಂಕ ಹೆಚ್ಚಲಿಲ್ಲವೆಂದರೆ ವಾದ್ಯ ಅಟ್ಟ ಸೇರುತ್ತದೆ. "ಇದನ್ನ ಕಲ್ತು ಏನ್ ಮಾಡ್ತೀರಿ ಸರ?" ಎಂದು ನಮ್ಮ ಕಡೆ ಜನ ಕೇಳುತ್ತಾರೆ. ಪ್ರಾಮಾಣಿಕ ಉತ್ತರ ಒಂದೇ: ಇನ್ನಷ್ಟು ಕಲಿಯುವುದು. ಹೊಟ್ಟೆಪಾಡಿಗೆ ಸಂಬಂಧಿಸದ, ಆದರೂ ದಿನವೂ ಶ್ರದ್ಧೆಯಿಂದ ಮಾಡುವ ಕೆಲಸವೊಂದು ಮನುಷ್ಯನ ಬದುಕಿನಲ್ಲಿರುವುದು ಸಣ್ಣ ಸಂಗತಿಯಲ್ಲ. ಹಗಲು ದುಡಿದು ರಾತ್ರಿ ಏಕತಾರಿ ಹಿಡಿಯುವ ನಮ್ಮ ತತ್ವಪದಕಾರರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಬಿಸಿಲ ಸೀಮೆಯಲ್ಲಿ ಗಿಟಾರಿನೊಂದಿಗೆ ಬದುಕುವುದಕ್ಕೆ ಅದರದೇ ಕಷ್ಟಗಳಿವೆ. ಗಟ್ಟಿ ಮರದ ವಾದ್ಯಕ್ಕೆ ಗಾಳಿಯ ತೇವಾಂಶ ಶೇ 45ರಿಂದ 55ರಷ್ಟಿದ್ದರೆ ಕ್ಷೇಮ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ನಮ್ಮಲ್ಲಿ ಗಾಳಿ ಅಷ್ಟು ಹಸಿಯಾಗಿರುವುದಿಲ್ಲ. ಮೇಲ್ಹಲಗೆ ಕುಗ್ಗುತ್ತದೆ, ಮೆಟ್ಟಿಲುಗಳ ಲೋಹದ ತುದಿ ಹೊರಗೆ ಚಾಚಿ ಕೈಗೆ ತಾಗುತ್ತದೆ, ನಿರ್ಲಕ್ಷಿಸಿದರೆ ಮರ ಸೀಳುತ್ತದೆ. ಬೇಸಿಗೆಯುದ್ದಕ್ಕೂ ವಾದ್ಯವನ್ನು ಪೆಟ್ಟಿಗೆಯಲ್ಲಿಟ್ಟು, ರಂಧ್ರವಿರುವ ಸಣ್ಣ ಡಬ್ಬಿಯಲ್ಲಿ ಒದ್ದೆ ಸ್ಪಂಜನ್ನು ಜೊತೆಗಿಟ್ಟು, ಕೋಣೆಯಲ್ಲಿ ನೀರು ತುಂಬಿದ ಮಣ್ಣಿನ ಹರವಿ ಇಡುವುದು ನನ್ನ ಮನೆಯ ರೂಢಿ. ಹರವಿಯ ನೀರು ಮನುಷ್ಯರನ್ನೂ ತಣಿಸುತ್ತದೆ, ಗಿಟಾರನ್ನೂ ಕಾಯುತ್ತದೆ. ಮಳೆಗಾಲ ಬಂದೊಡನೆ ನಾದ ಬದಲಾಗುತ್ತದೆ. ಮಂದ್ರ ಸ್ವಲ್ಪ ಮಂಕಾಗುತ್ತದೆ. ವರ್ಷದ ಋತುಗಳನ್ನು ಹೀಗೆ ಮರದ ಮೂಲಕ ಕೇಳುವುದು ಈ ಸಹವಾಸದ ಒಂದು ಲಾಭ. ಇನ್ನೊಂದು ಲಾಭ, ಅದರ ಸಣ್ಣ ದನಿ. ಗೋಡೆಗೆ ಗೋಡೆ ತಾಗಿದ ನಮ್ಮ ಓಣಿಯ ಮನೆಗಳಲ್ಲಿ ರಾತ್ರಿ ಹತ್ತರ ನಂತರ ನುಡಿಸಿದರೂ ಪಕ್ಕದ ಮನೆಯ ನಿದ್ದೆ ಕೆಡುವುದಿಲ್ಲ. ಕರೆಂಟು ಹೋದರೂ ಅಭ್ಯಾಸ ನಿಲ್ಲುವುದಿಲ್ಲ.

ಇವೆಲ್ಲಕ್ಕೂ ಪರಿಹಾರಗಳಿವೆ. ಪರಿಹಾರವಿಲ್ಲದೆ ಉಳಿದಿರುವುದು ಗುರುವಿನ ಕೊರತೆ. ಮೊಬೈಲಿನಲ್ಲಿ ಪಾಠಗಳು ಧಾರಾಳವಾಗಿ ಸಿಗುತ್ತವೆ. ಜಗತ್ತಿನ ಅತ್ಯುತ್ತಮ ವಾದಕರ ಬೆರಳನ್ನು ವನದುರ್ಗದಲ್ಲಿ ಕುಳಿತು ನೋಡಬಹುದು ಎಂಬುದು ಹಿಂದಿನ ತಲೆಮಾರಿಗೆ ಕನಸಾಗಿತ್ತು. ಆದರೆ ಆ ವಾದಕ ನಮ್ಮ ಬೆರಳನ್ನು ನೋಡಲಾರ. ಮಣಿಕಟ್ಟು ಬಾಗಿದೆ, ಹೆಬ್ಬೆರಳು ಕುತ್ತಿಗೆಯನ್ನು ಹಿಂಡುತ್ತಿದೆ, ಉಸಿರು ಬಿಗಿಹಿಡಿದಿದ್ದೀಯ ಎಂದು ಎದುರಿಗೆ ಕುಳಿತವರಷ್ಟೇ ಹೇಳಬಲ್ಲರು. ಅಂಗಡಿಯವರು ಸಾಮಾನ್ಯವಾಗಿ ತೋರಿಸುವುದು ಉಕ್ಕಿನ ತಂತಿಯ ಗಿಟಾರನ್ನು. ನೈಲಾನ್ ತಂತಿಗೆಂದು ಕಟ್ಟಿದ ವಾದ್ಯಕ್ಕೆ ಉಕ್ಕಿನ ತಂತಿ ಬಿಗಿದರೆ ಅದರ ಎಳೆತಕ್ಕೆ ಸೇತುವೆಯೇ ಕಿತ್ತುಬರಬಹುದು ಎಂದು ಮಗುವಿಗೆ ಹೇಳುವವರೂ ಬೇಕು.

ಗುರುವಿನ ಮಾತು ಬಂದಾಗ ರಾಜೀವ ತಾರಾನಾಥರನ್ನು (1932–2024) ನೆನೆಯಬೇಕು. ಅವರ ತಂದೆ ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದವರು. ನಿಜಾಮನ ಆಡಳಿತದ ಈ ಸೀಮೆಯಲ್ಲಿ ಶಿಕ್ಷಣಕ್ಕೆ ಹೊಸ ಅರ್ಥ ಕೊಟ್ಟವರು. ಮಗ ಇಂಗ್ಲಿಷ್ ಸಾಹಿತ್ಯದ ಪ್ರಾಧ್ಯಾಪಕ. ಅಲಿ ಅಕ್ಬರ್ ಖಾನರ ಸರೋದ್ ಕೇಳಿ ಅವರ ಶಿಷ್ಯರಾದರು. ಮುಂದೆ ಪ್ರಾಧ್ಯಾಪಕ ವೃತ್ತಿಯನ್ನೇ ಬಿಟ್ಟು ವಾದ್ಯಕ್ಕೆ ಬದುಕು ಸಲ್ಲಿಸಿದರು. 'ಸಂಸ್ಕಾರ' ಚಿತ್ರಕ್ಕೆ ಸಂಗೀತ ನೀಡಿದವರೂ ಅವರೇ. 1995ರಿಂದ 2005ರವರೆಗೆ ಕ್ಯಾಲಿಫೋರ್ನಿಯಾದಲ್ಲಿ ಬೋಧಿಸಿದರು, ಬಳಿಕ ಮೈಸೂರಿನಲ್ಲಿ ನೆಲೆಸಿ ಕೊನೆಯವರೆಗೂ ಶಿಷ್ಯರಿಗೆ ಪಾಠ ಹೇಳಿದರು. ಗುರುವೊಬ್ಬ ಸಿಕ್ಕಿದರೆ ಒಂದು ಬದುಕಿನ ದಿಕ್ಕೇ ಬದಲಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಆದರೆ ತಾರಾನಾಥರ ಮನೆಯಲ್ಲಿ ಹುಟ್ಟದ ಮಗುವಿಗೆ ಆ ಗುರುವನ್ನು ಯಾರು ತೋರಿಸಬೇಕು ಎಂಬ ಪ್ರಶ್ನೆ ಉಳಿಯುತ್ತದೆ.

ಈ ಪ್ರಶ್ನೆಗೂ ನಮ್ಮ ನಾಡಿನಲ್ಲೇ ಉತ್ತರವಿದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು (1892–1944), ಅವರ ನಂತರ ಪುಟ್ಟರಾಜ ಗವಾಯಿಗಳು (1914–2010) ಅಂಧ, ಅನಾಥ, ಬಡ ಮಕ್ಕಳನ್ನು ಸೇರಿಸಿಕೊಂಡು ಅನ್ನವಿಟ್ಟು ಸಂಗೀತ ಕಲಿಸಿದರು. ಆ ಮಕ್ಕಳಿಗೆ ಮೊದಲು ಬೇರೆಲ್ಲ ಸಿಗಲಿ, ಸಂಗೀತ ಆಮೇಲೆ ನೋಡೋಣ ಎಂದು ಅವರು ಕಾದು ಕೂರಲಿಲ್ಲ. ಸಂಗೀತವೇ ಆ ಮಕ್ಕಳ ಅನ್ನವಾಯಿತು, ಘನತೆಯೂ ಆಯಿತು. 1975ರಲ್ಲಿ ವೆನೆಜುವೆಲಾದ ಹೊಸೆ ಆಂಟೋನಿಯೊ ಅಬ್ರೆಯು ಬಡ ಬಡಾವಣೆಗಳ ಮಕ್ಕಳ ಕೈಗೆ ಪಿಟೀಲು ಕೊಟ್ಟು ಆರಂಭಿಸಿದ ಯೋಜನೆಯನ್ನು ಜಗತ್ತು ಕೊಂಡಾಡುತ್ತದೆ. ಅದಕ್ಕೂ ದಶಕಗಳ ಮೊದಲೇ ಗದಗಿನಲ್ಲಿ ಆ ಕೆಲಸ ನಡೆದಿತ್ತು.

ಆದರೆ ಮಠ, ಆಶ್ರಮಗಳ ದೊಡ್ಡತನ ಸರ್ಕಾರದ ಹೊಣೆಯನ್ನು ಕಳೆಯುವುದಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲಾಶಿಕ್ಷಣವನ್ನು ಶಾಲಾ ಶಿಕ್ಷಣದ ಎಲ್ಲ ಹಂತಗಳ ಭಾಗವಾಗಿ ಕಂಡಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಕಲೆಯನ್ನು ಪಠ್ಯೇತರ ಎಂದು ಬೇರ್ಪಡಿಸಬಾರದೆಂದಿತು. ಕಾಗದದ ಮೇಲೆ ಒಮ್ಮತವಿದೆ. ಆದರೂ ಸಂಗೀತ ಶಿಕ್ಷಕರ ಹುದ್ದೆ ಎಲ್ಲ ಸರ್ಕಾರಿ ಪ್ರೌಢಶಾಲೆಗಳಲ್ಲಿಲ್ಲ. ಇರುವಲ್ಲಿಯೂ ನಾಡಗೀತೆ, ಸ್ವಾತಂತ್ರ್ಯೋತ್ಸವದ ಹಾಡುಗಳ ಆಚೆಗೆ ವಾದ್ಯ ಕಲಿಸಲು ವಾದ್ಯವೇ ಇರುವುದು ಅಪರೂಪ.

ಯಾದಗಿರಿ 2009ರ ಡಿಸೆಂಬರ್ 30ರಂದು ಜಿಲ್ಲೆಯಾಯಿತು. ಸಂವಿಧಾನದ 371 (ಜೆ) ವಿಧಿಯ ವಿಶೇಷ ಸ್ಥಾನಮಾನವೂ ಈ ಪ್ರದೇಶಕ್ಕೆ ದೊರೆತಿದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಸಾವಿರಾರು ಕೋಟಿ ರೂಪಾಯಿಗಳ ಅನುದಾನ ಘೋಷಣೆಯಾಗುತ್ತದೆ. ಅದರಲ್ಲಿ ರಸ್ತೆ, ಕಟ್ಟಡಗಳಿಗೆ ಸಲ್ಲುವ ಪಾಲಿನ ಎದುರು ನಾನು ಸೂಚಿಸುವ ವೆಚ್ಚ ಲೆಕ್ಕಕ್ಕೂ ಬಾರದು. ಶಹಾಪುರ, ಸುರಪುರ, ಯಾದಗಿರಿ ಈ ಮೂರು ಊರುಗಳಲ್ಲಿ ತಲಾ ಒಂದು ವಾದ್ಯಭಂಡಾರ ಬೇಕು. ಗ್ರಂಥಾಲಯದಿಂದ ಪುಸ್ತಕ ತಂದಂತೆ ಮಗು ಅಲ್ಲಿಂದ ವಾದ್ಯವನ್ನು ಎರವಲು ತರುವಂತಿರಬೇಕು. ಕಲಿಕೆಗೆ ತಕ್ಕ ನೈಲಾನ್ ತಂತಿಯ ಗಿಟಾರ್ ಸುಮಾರು ಹತ್ತು ಸಾವಿರ ರೂಪಾಯಿಗೆ ಸಿಗುತ್ತದೆ. ಒಂದು ಸಾಧಾರಣ ಮೊಬೈಲಿನ ಬೆಲೆ. ಸಿತಾರ್, ತಂಬೂರಿಗಳಿಗೆ ಹೆಸರಾದ ಮೀರಜ್ ನಮಗೆ ನೆರೆಯ ಊರೇ. ಜೊತೆಗೆ, ವಾರಕ್ಕೆ ಎರಡು ದಿನ ಬಂದು ಕಲಿಸುವ ಶಿಕ್ಷಕರಿಗೆ ಗೌರವಯುತ ಸಂಬಳ, ಪ್ರಯಾಣಭತ್ಯೆ ಬೇಕು. ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ವಿಶ್ವವಿದ್ಯಾಲಯ ಮೈಸೂರಿನಲ್ಲಿದೆ. ಅದರ ಪದವೀಧರರನ್ನು ಇಲ್ಲಿಗೆ ಕಳುಹಿಸುವ ಯೋಜನೆ ರೂಪಿಸಬಹುದು. ತತ್ವಪದಕಾರರನ್ನು, ಚೌಡಿಕೆ, ಹಲಗೆಯ ಕಲಾವಿದರನ್ನು ಅದೇ ಭಂಡಾರದಲ್ಲಿ ಅದೇ ಸಂಬಳಕ್ಕೆ ಗುರುಗಳಾಗಿ ಕೂರಿಸಬೇಕು. ಗಿಟಾರ್ ಕಲಿಸುವವರಿಗೆ ಒಂದು ದರ, ಏಕತಾರಿ ಕಲಿಸುವವರಿಗೆ ಇನ್ನೊಂದು ದರ ಎಂದಾದರೆ ಇಡೀ ಪ್ರಯತ್ನ ವ್ಯರ್ಥ.

ಇಂಥ ಯೋಜನೆಯ ಫಲವನ್ನು ಅಳೆಯುವುದು ಹೇಗೆ ಎಂದು ಅಧಿಕಾರಿಗಳು ಕೇಳಬಹುದು. ಎಷ್ಟು ಮಕ್ಕಳು ಪರೀಕ್ಷೆ ಪಾಸಾದರು, ಎಷ್ಟು ಮಂದಿ ದೂರದರ್ಶನದ ಸ್ಪರ್ಧೆಗೆ ಆಯ್ಕೆಯಾದರು ಎಂಬ ಲೆಕ್ಕ ಬೇಡ. ಎರಡನೆಯ ವರ್ಷವೂ ವಾದ್ಯವನ್ನು ಮರಳಿಸದೆ ಎರವಲನ್ನು ಮುಂದುವರಿಸಿದ ಮಕ್ಕಳು ಎಷ್ಟು ಎಂಬ ಒಂದು ಲೆಕ್ಕ ಸಾಕು. ಮೊದಲ ವರ್ಷ ಕುತೂಹಲದಿಂದ ಯಾರಾದರೂ ಬರುತ್ತಾರೆ. ಎರಡನೆಯ ವರ್ಷ ಬರುವವರು ಕಲಿಯಲಿಕ್ಕೆ ಬಂದವರು. ನೂರು ಮಕ್ಕಳಲ್ಲಿ ಹತ್ತು ಮಂದಿ ಹಾಗೆ ಉಳಿದರೂ ಅದು ಸೋಲಲ್ಲ.

ಆ ಹತ್ತರಲ್ಲಿ ಒಬ್ಬರೂ ಹೆಸರಾಂತ ವಾದಕರಾಗದೆ ಇರಬಹುದು. ಒಬ್ಬಳು ಶಹಾಪುರದಲ್ಲಿ ದಾದಿಯಾಗಬಹುದು, ಒಬ್ಬ ಬಸ್ ನಿರ್ವಾಹಕನಾಗಬಹುದು, ಇನ್ನೊಬ್ಬ ಕಾಲುವೆ ಬದಿಯ ಭತ್ತದ ಗದ್ದೆಗೇ ಮರಳಬಹುದು. ಅವರ ದಿನದ ದುಡಿಮೆ ಮುಗಿದ ಮೇಲೆ ಅರ್ಧ ಗಂಟೆ ಅವರದೇ ಆಗಿರುತ್ತದೆ. ಮಾಲೀಕನಿಗಾಗಲಿ, ಪರೀಕ್ಷಕನಿಗಾಗಲಿ ಅದರ ಮೇಲೆ ಹಕ್ಕಿರುವುದಿಲ್ಲ. ನಗರದ ಮಧ್ಯಮವರ್ಗ ತನ್ನ ಮಕ್ಕಳಿಗೆ ಶುಲ್ಕ ತೆತ್ತು ಕೊಳ್ಳುತ್ತಿರುವುದು ಆ ಅರ್ಧ ಗಂಟೆಯನ್ನೇ. ಅದನ್ನು ವನದುರ್ಗದ ಮಗುವಿಗೂ ದೊರಕಿಸಿಕೊಡಿ ಎಂದು ಕೇಳುವುದು ಅತಿಯಾಸೆಯಲ್ಲ. ಪ್ರಾದೇಶಿಕ ಅಸಮತೋಲನ ನಿವಾರಣೆ ಎಂಬ ನಮ್ಮ ಹಳೆಯ ಬೇಡಿಕೆಯ ಪಟ್ಟಿಯಲ್ಲಿ ಇಷ್ಟು ಕಾಲ ಬಿಟ್ಟುಹೋಗಿದ್ದ ಒಂದು ಸಾಲು ಇದು.